ಊರಿಗೆ ಹೆಸರು ಕೊಟ್ಟವನು ಆ ಊರನ್ನು ನೋಡಲೇ ಇಲ್ಲ

ಕಳೆದ ತಿಂಗಳು ಗುಳೇದಗುಡ್ಡದಿಂದ ನನ್ನ ಸೋದರಮಾವ ಬಂದಿದ್ದರು. ನಲವತ್ತು ವರ್ಷ ಗುಂಡಿಮಗ್ಗದಲ್ಲಿ ಕುಳಿತು ಖಣ ನೇಯ್ದ ಜೀವ. ಬಾಸ್ಟನ್ನಿಗೆ ಬಂದ ನೆಂಟರನ್ನು ನಾವೆಲ್ಲ ಹಾರ್ವರ್ಡ್ ತೋರಿಸಲು ಕರೆದೊಯ್ಯುತ್ತೇವೆ. ಮಾವನನ್ನು ಮಾತ್ರ ನಾನು ಲೋವೆಲ್‌ಗೆ ಕರೆದೊಯ್ದೆ. ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ, ಮೆರಿಮ್ಯಾಕ್ ನದಿಯ ದಡದ ಗಿರಣಿ ಊರು ಅದು. ರಾತ್ರಿ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು ವಿಷಯ ತಿಳಿದು, "ಒಬ್ಬನೇ ಮನುಷ್ಯನ ತಲೆಯಿಂದ ಹುಟ್ಟಿದ ಊರು ನೋಡಿ ಅದು" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಅಂದು ಸುಮ್ಮನಿದ್ದೆ, ಇಂದು ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್‌ನ ಬಗ್ಗೆ. ಬಾಸ್ಟನ್ನಿನ ಈ ವ್ಯಾಪಾರಿ 1810ರಲ್ಲಿ ಬ್ರಿಟನ್ನಿಗೆ ಹೋಗಿ ಗಿರಣಿಗಳನ್ನು ಸುತ್ತಿ ನೋಡಿದ. ಯಂತ್ರಗಳ ನಕ್ಷೆಯನ್ನು ಹೊರಗೆ ಒಯ್ಯಲು ಬ್ರಿಟಿಷರು ಬಿಡುತ್ತಿರಲಿಲ್ಲವಾದ್ದರಿಂದ ಯಂತ್ರಮಗ್ಗದ ರಚನೆಯನ್ನು ನೆನಪಿನಲ್ಲೇ ಹೊತ್ತು ತಂದ. ಪಾಲ್ ಮೂಡಿ ಎಂಬ ಕುಶಲ ಯಂತ್ರಗಾರನ ಕೈಗುಣದಿಂದ ಆ ನೆನಪು ವಾಲ್ಥಮ್ ಎಂಬಲ್ಲಿ ನಿಜವಾದ ಮಗ್ಗವಾಯಿತು. ಹತ್ತಿಯ ಮೂಟೆ ಒಂದು ಕಡೆಯಿಂದ ಒಳಹೋಗಿ ಅದೇ ಕಟ್ಟಡದಿಂದ ಬಟ್ಟೆಯಾಗಿ ಹೊರಬರತೊಡಗಿತು. ದೊಡ್ಡ ಸಾಧನೆಯೇ, ಅಲ್ಲಗಳೆಯುವುದಿಲ್ಲ. ಆದರೆ ಅವನು 1817ರಲ್ಲೇ ತೀರಿಕೊಂಡ. ಅವನ ಪಾಲುದಾರರು ಮೆರಿಮ್ಯಾಕ್ ದಡದ ಜಮೀನನ್ನು ಕೊಳ್ಳಲು ಶುರುಮಾಡಿದ್ದು 1821ರಲ್ಲಿ. 1826ರಲ್ಲಿ ಆ ಊರಿಗೆ ಅವನ ಹೆಸರಿಟ್ಟರು. ತನ್ನ ಹೆಸರಿನ ಊರಿನ ಒಂದು ಇಟ್ಟಿಗೆಯನ್ನೂ ಅವನು ನೋಡಲಿಲ್ಲ.

ಹಾಗಾದರೆ ನೋಡಿದವರು ಯಾರು?

ಎಲ್ಲರಿಗಿಂತ ಮೊದಲು ಅಲ್ಲಿಯ ಮೂಲನಿವಾಸಿಗಳಾದ ಪೆನಾಕುಕ್ ಜನ. ಪಾಟಕೆಟ್ ಜಲಪಾತದಲ್ಲಿ ನದಿ 32 ಅಡಿ ಇಳಿಯುತ್ತದೆ, ಅಲ್ಲಿ ಅವರು ತಲೆಮಾರುಗಳಿಂದ ಮೀನು ಹಿಡಿಯುತ್ತಿದ್ದರು. ಅದೇ 32 ಅಡಿಯಲ್ಲಿ ಬಾಸ್ಟನ್ನಿನ ಬಂಡವಾಳಗಾರರಿಗೆ ಕಂಡದ್ದು ಗಿರಣಿಯ ಚಕ್ರ ತಿರುಗಿಸುವ ಶಕ್ತಿ. ಮರದ ದಿಮ್ಮಿಗಳನ್ನು ಸಾಗಿಸಲೆಂದು 1796ರಲ್ಲಿ ತೋಡಿದ ಹಳೆಯ ಕಾಲುವೆಯೊಂದು ಅಲ್ಲಿತ್ತು. ಅದನ್ನು ಅಗಲಿಸಲು, ಹೊಸ ಕಾಲುವೆ ತೋಡಲು 1822ರಲ್ಲಿ ಐರಿಷ್ ಕೂಲಿಗಳು ಬಂದರು. ಹ್ಯೂ ಕಮಿಸ್ಕಿ ಎಂಬವನ ಮುಂದಾಳುತನದಲ್ಲಿ ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಿಂದ ನಡೆದೇ ಬಂದವರು ಅವರು. ಗುದ್ದಲಿ, ಸಲಿಕೆ, ಬಂಡೆ ಸಿಡಿಸಲು ಮದ್ದು. ಗಿರಣಿಯಲ್ಲಿ ದುಡಿಯಲು ಬಂದ ಹುಡುಗಿಯರಿಗೆಂದು ಕಂಪನಿ ಅಚ್ಚುಕಟ್ಟಾದ ಇಟ್ಟಿಗೆ ವಸತಿಗಳನ್ನು ಕಟ್ಟಿಸಿತು, ಕಾಲುವೆ ತೋಡಿದವರಿಗೆ ಮಾತ್ರ ಸೂರು ಕೊಡಲಿಲ್ಲ. ಅವರು ಏಕರ್ ಎಂಬ ಬಯಲಿನಲ್ಲಿ ತಾವೇ ಡೇರೆ, ಗುಡಿಸಲು ಹಾಕಿಕೊಂಡರು. ಆ ಬಯಲು ಇಂದಿಗೂ ಅದೇ ಹೆಸರಿನ ಬಡಾವಣೆ.

ಇನ್ನು ಆ ಹುಡುಗಿಯರು. ನ್ಯೂ ಇಂಗ್ಲೆಂಡ್ ಹಳ್ಳಿಗಳ ರೈತರ ಮಕ್ಕಳು. ನಗದು ಕೂಲಿ ಕೈಗೆ ಬರುತ್ತದೆ ಎಂಬುದೇ ಅವರಿಗೆ ಹೊಸ ಜಗತ್ತು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ರಾತ್ರಿ ಹತ್ತಕ್ಕೆ ವಸತಿಯ ಬಾಗಿಲು ಮುಚ್ಚುತ್ತಿತ್ತು. ವಾರಕ್ಕೆ ಸುಮಾರು 73 ಗಂಟೆ ದುಡಿತ. ಎಳೆ ಕಡಿಯದಿರಲು ಗಾಳಿಯಲ್ಲಿ ತೇವ ಬೇಕು, ಅದಕ್ಕಾಗಿ ಕಿಟಕಿಗಳನ್ನು ಮುಚ್ಚಿ ಒಳಗೆ ಹಬೆ ಬಿಡುತ್ತಿದ್ದರು. ಬೇಸಿಗೆಯಲ್ಲೂ. ಇದನ್ನು ಹೇಳಿದಾಗ ಮಾವ ತಲೆಯಾಡಿಸಿದರು. ಒಣಹವೆಯಲ್ಲಿ ಹಾಸು ಹೇಗೆ ಪಟಪಟನೆ ಕಡಿಯುತ್ತದೆಂದು ಅವರಿಗೆ ಯಾರೂ ವಿವರಿಸಬೇಕಿಲ್ಲ.

1834ರಲ್ಲಿ ಕೂಲಿ ಇಳಿಸುವ ಸುದ್ದಿ ಬಂದಾಗ ಆ ಹುಡುಗಿಯರು ಮಗ್ಗ ನಿಲ್ಲಿಸಿ ಬೀದಿಗಿಳಿದರು. 1836ರಲ್ಲಿ ವಸತಿಯ ಖರ್ಚು ಏರಿಸಿದಾಗ ಮತ್ತೊಮ್ಮೆ, ಈ ಬಾರಿ ಇನ್ನೂ ಹೆಚ್ಚು ಜನ. ಆ ಎರಡನೆಯ ಮುಷ್ಕರದ ಒಂದು ಗಳಿಗೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಒಂದು ಕೋಣೆಯ ಹುಡುಗಿಯರು ಹೊರಗೆ ಹೋಗುವುದೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದರು. ಹ್ಯಾರಿಯಟ್ ಹ್ಯಾನ್ಸನ್ ಎಂಬ 11 ವರ್ಷದ ಬಾಲಕಿ, ನೀವು ಬಂದರೂ ಸರಿ ಬಿಟ್ಟರೂ ಸರಿ, ನಾನಂತೂ ಹೊರಟೆ ಎಂದು ನಡೆದೇಬಿಟ್ಟಳು. ತಿರುಗಿ ನೋಡಿದರೆ ಉದ್ದನೆಯ ಸಾಲು ಅವಳ ಹಿಂದೆ ಬರುತ್ತಿತ್ತು. ಅವಳ ತಾಯಿ ವಿಧವೆ, ಕಂಪನಿಯ ವಸತಿಯೊಂದನ್ನು ನೋಡಿಕೊಳ್ಳುತ್ತಿದ್ದಳು. ಮಗಳನ್ನು ತಡೆಯಲಿಲ್ಲವೆಂದು ಆ ತಾಯಿಯ ಕೆಲಸ ಹೋಯಿತು.

ಆಮೇಲೆ ಸಾರಾ ಬ್ಯಾಗ್ಲಿ ಬಂದಳು. 1840ರ ದಶಕದಲ್ಲಿ ಹೆಣ್ಣುಮಕ್ಕಳದೇ ಕಾರ್ಮಿಕ ಸಂಘ ಕಟ್ಟಿ, ದಿನಕ್ಕೆ ಹತ್ತೇ ಗಂಟೆ ಕೆಲಸ ಎಂಬ ಬೇಡಿಕೆಗೆ ಸಾವಿರಾರು ಸಹಿ ಸಂಗ್ರಹಿಸಿದವಳು. 1845ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ನಿಂತು ಅವಳು ಮತ್ತು ಅವಳ ಸಂಗಾತಿಗಳು ಸಾಕ್ಷ್ಯ ನುಡಿದರು. ಇದು ತಮ್ಮ ಕೈಯಲ್ಲಿಲ್ಲ ಎಂದು ಸಮಿತಿ ಕೈತೊಳೆದುಕೊಂಡಿತು. ಆ ಸಮಿತಿಯ ಅಧ್ಯಕ್ಷ ವಿಲಿಯಂ ಶೌಲರ್‌ನನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸಲು ಮತದ ಹಕ್ಕೇ ಇಲ್ಲದ ಈ ಹೆಂಗಸರು ಪ್ರಚಾರ ಮಾಡಿದರು. ಅವನು ಸೋತ. ಹತ್ತು ಗಂಟೆಯ ಕಾನೂನು ಬರಲು ಮಾತ್ರ 1874ರವರೆಗೆ ಕಾಯಬೇಕಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಅರ್ಧ ಕಥೆ ಹೇಳಿದವಳಾಗುತ್ತೇನೆ. ಆ ಮಗ್ಗಗಳಿಗೆ ಹತ್ತಿ ಬರುತ್ತಿದ್ದುದು ಎಲ್ಲಿಂದ? ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಿಂದ. ಬಿಡಿಸಿದವರು ಗುಲಾಮರು. ಲೋವೆಲ್‌ನ ಗಿರಣಿಗಳು ಒರಟು ಬಟ್ಟೆಯನ್ನೂ ನೇಯುತ್ತಿದ್ದವು, ಅದು ತಿರುಗಿ ತೋಟಗಳಿಗೇ ಹೋಗಿ ಗುಲಾಮರ ಮೈಮೇಲೆ ಬೀಳುತ್ತಿತ್ತು. ದಕ್ಷಿಣದಲ್ಲಿ ಆ ಬಟ್ಟೆಗೇ 'ಲೋವೆಲ್' ಎನ್ನುತ್ತಿದ್ದರು. ಊರನ್ನು ಕಣ್ಣಿಂದ ಕಾಣದೆ, ಅದರ ಹೆಸರನ್ನು ಉಟ್ಟುಕೊಂಡು ದುಡಿದವರು ಅವರು. ಅವರನ್ನು ಲೆಕ್ಕಕ್ಕೆ ಹಿಡಿಯದೆ ಈ ಊರನ್ನು ಕಟ್ಟಿದವರ ಪಟ್ಟಿ ಮಾಡುವುದು ಸುಳ್ಳು ಎಂದೇ ನನ್ನ ಭಾವನೆ. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಆ ಹತ್ತಿ ನಿಂತಾಗ ಇಲ್ಲಿಯ ಕಂಪನಿಗಳು ಕೈಯಲ್ಲಿದ್ದ ದಾಸ್ತಾನನ್ನು ಒಳ್ಳೆಯ ಬೆಲೆಗೆ ಮಾರಿ ಸಾವಿರಾರು ಕೆಲಸಗಾರರನ್ನು ಮನೆಗೆ ಕಳಿಸಿದವು. ಅತ್ತ ಬ್ರಿಟನ್ನಿನ ಗಿರಣಿಗಳು ಭಾರತದ ಹತ್ತಿಗೆ, ಅದರಲ್ಲೂ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಮುಗಿಬಿದ್ದವು. ಧಾರವಾಡದ ಹೊಲಗಳಲ್ಲಿ ಅಮೆರಿಕದ ತಳಿಯ ಹತ್ತಿಯನ್ನು 1840ರ ದಶಕದಲ್ಲೇ ಬೆಳೆಸತೊಡಗಿದ್ದರು ಎಂದು ಹೇಳಿದಾಗ ಮಾವನಿಗೆ ನಂಬಿಕೆಯೇ ಬರಲಿಲ್ಲ.

ಐರಿಷರ ನಂತರ ಫ್ರೆಂಚ್ ಕೆನಡಿಯನ್ನರು, ಗ್ರೀಕರು, ಪೋಲಿಷರು, ಪೋರ್ಚುಗೀಸರು. 1920ರ ಹೊತ್ತಿಗೆ ಊರಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಅದೇ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಲಾಭವನ್ನು ಹಳೆಯ ಯಂತ್ರಗಳ ಮೇಲೆ ಹೂಡಲು ಮಾಲೀಕರಿಗೆ ಮನಸ್ಸಿರಲಿಲ್ಲ, ಕೂಲಿ ಅಗ್ಗವಾಗಿದ್ದ ದಕ್ಷಿಣ ಅವರನ್ನು ಕರೆಯುತ್ತಿತ್ತು. 1950ರ ದಶಕದಲ್ಲಿ ಬೂಟ್ ಎಂಬ ಹೆಸರಿನ ಹತ್ತಿ ಗಿರಣಿಯೂ ಮುಚ್ಚಿತು. 1966ರಲ್ಲಿ ಡಟನ್ ಬೀದಿಯ ಹುಡುಗಿಯರ ವಸತಿ ಸಾಲನ್ನು ಕೆಡವಿದರು. ಅದನ್ನು ಉಳಿಸಿಕೊಳ್ಳಬೇಕಿತ್ತು. ಹ್ಯಾರಿಯಟ್‌ಳಂಥವರು ಮಲಗಿ ಎದ್ದ ಗೋಡೆಗಳವು.

ಆ ಕಾಲದಲ್ಲಿ ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣಾಧಿಕಾರಿಗೆ ಬೇರೆಯದೇ ಯೋಚನೆ ಬಂತು. ತಮ್ಮ ಊರೆಂದರೆ ನಾಚಿಕೆಪಡುತ್ತಿದ್ದ ಕೆಲಸಗಾರರ ಮಕ್ಕಳನ್ನು ಅವರು ಶಾಲೆಗಳಲ್ಲಿ ನೋಡುತ್ತಿದ್ದರು. ಈ ಪಾಳು ಗಿರಣಿ, ಈ ಕಾಲುವೆ, ಇದೇ ನಿಮ್ಮ ಪಾಠಪುಸ್ತಕ ಎನ್ನುವುದು ಅವರ ವಾದ. ಆ ವಾದಕ್ಕೆ ಊರವನೇ ಆದ ಸಂಸದ ಪಾಲ್ ಸಾಂಗಸ್ ದನಿಗೂಡಿಸಿದರು. 1978ರಲ್ಲಿ ಲೋವೆಲ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಅರಣ್ಯ, ಕಣಿವೆಗಳಿಗೆ ಸಿಗುತ್ತಿದ್ದ ಗೌರವ ದುಡಿಯುವವರ ಬೀದಿಗೆ ಸಿಕ್ಕಿತು. ನನ್ನ ಮಟ್ಟಿಗೆ ಈ ಊರಿನ ಎರಡನೇ ಹುಟ್ಟು ಅದು. ಅದೇ ಕಾಲದಲ್ಲಿ ವಾಂಗ್ ಎಂಬ ಕಂಪ್ಯೂಟರ್ ಕಂಪನಿ ಬಂದು ಊರನ್ನು ಎತ್ತಿತು, 1992ರಲ್ಲಿ ದಿವಾಳಿಯಾಗಿ ಕೈಬಿಟ್ಟಿತು. ಏಕರ್ ಬಯಲಿನಲ್ಲಿ ಮಾತ್ರ ಹೊಸಬರು ಬರುವುದು ನಿಲ್ಲಲಿಲ್ಲ. 1980ರ ದಶಕದಲ್ಲಿ ಕಾಂಬೋಡಿಯಾದ ನಿರಾಶ್ರಿತರು ಲೋವೆಲ್‌ಗೆ ಬಂದರು. ಹಾಗೆ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದ ಸೊಖಾರಿ ಚಾವ್ 2022ರಲ್ಲಿ ಊರಿನ ಮೇಯರ್ ಆದರು.

ಬೂಟ್ ಗಿರಣಿ ಈಗ ವಸ್ತುಸಂಗ್ರಹಾಲಯ. ನೇಯ್ಗೆಯ ಕೋಣೆಯಲ್ಲಿ 80ಕ್ಕೂ ಹೆಚ್ಚು ಮಗ್ಗಗಳಿವೆ, ನಾವು ಹೋದಾಗ ಕೆಲವೇ ಓಡುತ್ತಿದ್ದವು. ಅಷ್ಟಕ್ಕೇ ಕಿವಿಗೆ ಬಿರಡೆ ಬೇಕಾಯಿತು, ಕಾಲಡಿಯ ಹಲಗೆ ನಡುಗುತ್ತಿತ್ತು. ಹಿಂದೆಲ್ಲ ಲಾಳಿಯ ಕಣ್ಣಿಗೆ ಬಾಯಿಟ್ಟು ಎಳೆಯನ್ನು ಹೀರಿ ಹೊರತೆಗೆಯುತ್ತಿದ್ದರು, ಹತ್ತಿಯ ಧೂಳು, ಒಬ್ಬರ ರೋಗ ಇನ್ನೊಬ್ಬರ ಬಾಯಿಗೆ ಹೀಗೇ ಹೋಗುತ್ತಿತ್ತು. ಮಾವ ತುಂಬ ಹೊತ್ತು ಒಂದೇ ಮಗ್ಗದ ಮುಂದೆ ನಿಂತಿದ್ದರು. ಹೊರಗೆ ಬಂದ ಮೇಲೆ, "ನೋಡವ್ವ, ನಮ್ಮ ಮಗ್ಗ ನಾನು ನಿಂತರೆ ನಿಲ್ಲುತ್ತದೆ. ಇದು ನಿಂತರೆ ಮಾತ್ರ ಆ ಹುಡುಗಿ ನಿಲ್ಲಬೇಕು" ಎಂದರು.

ಅಲ್ಲಿ ನೇಯ್ದ ಅಡುಗೆಮನೆಯ ಟವೆಲ್‌ಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ಮಾವ ಒಂದನ್ನು ಕೈಗೆತ್ತಿಕೊಂಡು ಮೊದಲು ತಿರುಗಿಸಿ ಹಿಂಬದಿ ನೋಡಿದರು, ಆಮೇಲೆ ಅಂಚು. ಮತ್ತೆ ನೇಯ್ಗೆಯ ಕೋಣೆಗೆ ಹೋಗೋಣವೆಂದರು. ಮಗ್ಗ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ತಮ್ಮ ಚೀಲದಿಂದ ಒಂದು ಖಣ ತೆಗೆದು ಕೊಟ್ಟರು. ಆ ಸದ್ದಿನಲ್ಲಿ ಮಾತು ಸಾಧ್ಯವಿರಲಿಲ್ಲ. ಆಕೆ ಕೈ ಒರೆಸಿಕೊಂಡು ಖಣವನ್ನು ಬಿಡಿಸಿ, ಮೊದಲು ಅದರ ಹಿಂಬದಿಯನ್ನು ನೋಡಿದಳು.