‘ನೋಲಾ’ದ ಭಾರ ಎಲ್ಲಿಂದ ಬರುತ್ತದೆ?

ಹೆಸರಾಂತವರನ್ನೆಲ್ಲ ಒಂದು ಸ್ಟುಡಿಯೋದಲ್ಲಿ ಕೂರಿಸಿದ ಮಾತ್ರಕ್ಕೆ ಒಳ್ಳೆಯ ಆಲ್ಬಂ ಹುಟ್ಟುವುದಿಲ್ಲ. ಸೂಪರ್‌ಗ್ರೂಪ್ ಅಂದರೆ ಕೇಳುಗರು ಅನುಮಾನ ಪಡುವುದು ಸರಿಯಾಗಿಯೇ ಇದೆ. 1995ರಲ್ಲಿ ಬಂದ, ಡೌನ್ ಎಂಬ ಹೆವಿ ಮೆಟಲ್ ತಂಡದ ‘ನೋಲಾ’ ಮಾತ್ರ ಬೇರೆಯೇ. ಪ್ಯಾಂಟೆರಾದ ಫಿಲ್ ಅನ್ಸೆಲ್ಮೊ, ಕರೋಷನ್ ಆಫ್ ಕನ್ಫಾರ್ಮಿಟಿಯ ಪೆಪ್ಪರ್ ಕೀನನ್, ಕ್ರೋಬಾರ್‌ನ ಕರ್ಕ್ ವಿಂಡ್‌ಸ್ಟೀನ್ ಮತ್ತು ಟಾಡ್ ಸ್ಟ್ರೇಂಜ್, ಐಹೇಟ್‌ಗಾಡ್‌ನ ಜಿಮ್ಮಿ ಬೋವರ್. ತಂಡಗಳು ಬೇರೆಯಾದರೂ ಈ ಐವರ ಬೇರು ಮಾತ್ರ ನ್ಯೂ ಆರ್ಲಿಯನ್ಸ್‌ನಲ್ಲೇ. ಆಲ್ಬಂ ಬರುವ ಮೊದಲೇ ಇವರ ಡೆಮೊ ಕ್ಯಾಸೆಟ್ ಕೈಯಿಂದ ಕೈಗೆ ಓಡಾಡಿತ್ತು.

ನನ್ನ ಮಟ್ಟಿಗೆ ಈ ಆಲ್ಬಂನ ಗುಟ್ಟು ಬೋವರ್. ಐಹೇಟ್‌ಗಾಡ್‌ನಲ್ಲಿ ಗಿಟಾರ್ ನುಡಿಸುವವರು ಇಲ್ಲಿ ಡ್ರಮ್ಸ್‌ಗೆ ಕೂತಿದ್ದಾರೆ. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅನ್ನುವುದು ಗಿಟಾರ್ ಹಿಡಿದ ಕೈಗೆ ಗೊತ್ತು. ‘ಬರಿ ಮಿ ಇನ್ ಸ್ಮೋಕ್’ ಹಾಡು ಹಾಕಿ ಸ್ನೇರ್ ಡ್ರಮ್ ಒಂದನ್ನೇ ಹಿಡಿದು ಕೇಳಿ. ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬಿದ್ದಂತೆ ಇರುತ್ತದೆ. ಭಾರ ಅನ್ನಿಸುವುದು ಆ ಕಾಯುವಿಕೆಯಲ್ಲೇ. ಈ ಬಗೆಯ ಹಾಡನ್ನು ಮೆಟ್ರೊನೋಮ್‌ಗೆ ಕಟ್ಟಿಹಾಕಿ ನುಡಿಸುವವರಿಗೆ ಸ್ವರ ಸಿಗುತ್ತದೆ, ಭಾರ ಸಿಗುವುದಿಲ್ಲ.

ಸ್ಲಡ್ಜ್ (ನಿಧಾನದ, ಭಾರವಾದ ಈ ಬಗೆಯ ಮೆಟಲ್) ನುಡಿಸಲು ಹೊರಟವರ ಎರಡನೇ ತಪ್ಪು ಗೇನ್, ಅಂದರೆ ಸದ್ದಿಗೆ ಡಿಸ್ಟಾರ್ಷನ್ ಒರಟುತನ ತರುವ ಆಂಪ್‌ನ ಗುಂಡಿಯನ್ನು ಅತಿಯಾಗಿ ಏರಿಸುವುದು. ಲೆಕ್ಕ ನೋಡಿ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ಮಾಡಿದಂತೆ ಗಿಟಾರಿನ ಶ್ರುತಿಯನ್ನು ಮೂರು ಫ್ರೆಟ್‌ನಷ್ಟು (ಮೂರು ಸ್ವರಸ್ಥಾನ) ಇಳಿಸಿದರೆ ಕೆಳಗಿನ ತಂತಿ 82 ಹರ್ಟ್ಸ್‌ನಿಂದ 69ಕ್ಕೆ ಬರುತ್ತದೆ. ಅದರ ಐದನೇ ಸ್ವರ, ಅಂದರೆ ಪಂಚಮ, 104. ಎರಡನ್ನೂ ಕೂಡಿಸಿ ಡಿಸ್ಟಾರ್ಷನ್‌ಗೆ ಬಿಟ್ಟಾಗ ಅವುಗಳ ವ್ಯತ್ಯಾಸವಾದ 35 ಹರ್ಟ್ಸ್ ಕೂಡ ಹುಟ್ಟುತ್ತದೆ. ಅದು ಮೂಲ ಸ್ವರಕ್ಕಿಂತ ಸರಿಯಾಗಿ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗೆ! ಯಾರೂ ನುಡಿಸದ ಸ್ವರ ತಾನಾಗಿ ಬಂದು ತಳಕ್ಕೆ ನಿಲ್ಲುತ್ತದೆ. ಅದೇ ಜಾಗದಲ್ಲಿ ಮೇಜರ್ ಥರ್ಡ್ (ಅಂತರ ಗಾಂಧಾರ) ಸೇರಿಸಿದರೆ ವ್ಯತ್ಯಾಸ ಬರೀ 18. ಅದು ಸ್ವರವಾಗುವುದಿಲ್ಲ, ಗೊರಗೊರ ಸದ್ದಾಗುತ್ತದೆ. ಗೇನ್ ಏರಿಸಿದಷ್ಟೂ ಈ ಗೊರಗೊರ ಮುಂದಕ್ಕೆ ಬಂದು ತಂತಿಯ ಪೆಟ್ಟನ್ನೇ ನುಂಗಿಬಿಡುತ್ತದೆ. ಗೇನ್ ಅರ್ಧದ ಆಸುಪಾಸಿನಲ್ಲಿರಲಿ, ವಾಲ್ಯೂಮ್ ಮೇಲೇರಲಿ, ಮಿಡ್ (ನಡುವಿನ ಶ್ರುತಿಗಳು) ಮಾತ್ರ ಕಡಿಯಬೇಡಿ. ಗಿಟಾರ್ ಬದುಕುವುದೇ ಮಿಡ್‌ನಲ್ಲಿ. ತಳ ಬಾಸ್‌ಗೆ ಸೇರಿದ್ದು.

ತಂತಿಯ ವಿಷಯ. ಮೂರು ಫ್ರೆಟ್ ಇಳಿಸಿದರೆ ಬಿಗಿತ ಸುಮಾರು 30 ಪ್ರತಿಶತ ಕಡಿಮೆಯಾಗುತ್ತದೆ. ಮಾಮೂಲಿ 10-46 ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಆದರೆ ಕೆಳಗಿನ ತಂತಿ ಜೋತುಬಿದ್ದು, ಪಿಕ್ ಬಡಿದ ಕ್ಷಣಕ್ಕೆ ಶ್ರುತಿ ಮೇಲಕ್ಕೆ ಹಾರಿ ಆಮೇಲೆ ಇಳಿಯುತ್ತದೆ. ಮೊದಲಿನ ಬಿಗಿತ ಬೇಕಿದ್ದರೆ ಅಲ್ಲಿ 54 ಇಲ್ಲವೇ 56 ಹಾಕಬೇಕು. ಆ ದಪ್ಪ ತಂತಿ ಹಳೆಯ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೀಲಿ ತಿರುಗಿಸುವಾಗ ‘ಟಿಂಗ್’ ಅಂತ ಕೇಳಿಸಿದರೆ ಅದೇ ರೋಗ, ಕಚ್ಚನ್ನು ಅರದಿಂದ ಚೂರೇ ಅಗಲಿಸಿ. ಆಳ ಮಾಡಿದಿರೋ, ತೆರೆದ ತಂತಿ ಮೊದಲ ಫ್ರೆಟ್‌ಗೆ ತಾಗಿ ಗುಂಯ್‌ಗುಟ್ಟುತ್ತದೆ. ಶ್ರುತಿ ಕೂರಿಸಿ, ಕತ್ತಿನ ಬಾಗು ನೋಡಿಕೊಂಡು, ಕೊನೆಗೆ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ: 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲಿನ ಹಾರ್ಮೋನಿಕ್ಕೂ (ಒತ್ತದೆ ಬರೀ ಮುಟ್ಟಿ ನುಡಿಸುವ ಸ್ವರ) ಒಂದೇ ಆಗುವವರೆಗೆ.