ಎತ್ತಿ ಒಗೆದರೆ ಮೋಸವಂತೆ!

ನಿನ್ನೆ ರಾತ್ರಿ ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೊ ಗೇಮ್ ಆಡುತ್ತಿದ್ದೆ. ಎದುರಾಳಿ ಚಿಪ್ಪಿನೊಳಗಿನ ಆಮೆಯಂತೆ ಬ್ಲಾಕ್ ಮಾಡಿಕೊಂಡು ಕುಳಿತಿದ್ದ. ಹತ್ತಿರ ಹೋದೆ, ಹಿಡಿದೆ, ಒಗೆದೆ. ಎದ್ದು ಮತ್ತೆ ಬ್ಲಾಕ್. ಮತ್ತೆ ಒಗೆದೆ. ಐದನೆಯ ಸಲಕ್ಕೆ ಸಂದೇಶ ಬಂತು: ‘ಥ್ರೋ ಬಿಟ್ಟು ಬೇರೇನೂ ಬರುವುದಿಲ್ಲವೇ, ಮೋಸಗಾರ?’ ಅಷ್ಟು ಬರೆದು ಆಟವನ್ನೇ ಬಿಟ್ಟು ಹೋದ.

ಬರುತ್ತದೆ ಮಹಾರಾಯ. ಬೇಕಾಗಲಿಲ್ಲ, ಅಷ್ಟೇ.

ಹೊಡೆತವನ್ನು ಬ್ಲಾಕ್ ತಡೆಯುತ್ತದೆ, ಬ್ಲಾಕ್ ಮಾಡಿದವನನ್ನು ಥ್ರೋ ಕೆಡವುತ್ತದೆ, ಥ್ರೋಗೆಂದು ಕೈ ಚಾಚಿದವನಿಗೆ ಹೊಡೆತ ಬೀಳುತ್ತದೆ. ಇದರಲ್ಲಿ ಥ್ರೋ ಒಂದನ್ನು ತೆಗೆದುಬಿಡಿ. ಒಂದು ಗುದ್ದು ಹೆಚ್ಚು ಕೊಟ್ಟವನು ಸುತ್ತಿನ ಗಡಿಯಾರ 99ರಿಂದ ಸೊನ್ನೆಗೆ ಇಳಿಯುವ ತನಕ ಬ್ಲಾಕ್ ಮಾಡಿಯೇ ಗೆಲ್ಲಬಹುದು. ಅದು ಮಾತ್ರ ಮೋಸವಲ್ಲವಂತೆ!

ತಪ್ಪಿಸಿಕೊಳ್ಳಲು ದಾರಿಯಿಲ್ಲವೇ? ಜಿಗಿದವನನ್ನು ನೆಲದ ಥ್ರೋ ಮುಟ್ಟುವುದಿಲ್ಲ. ಅದೇ ಗಳಿಗೆಗೆ ನೀವೂ ಥ್ರೋ ಒತ್ತಿದರೆ ಹಿಡಿತ ಬಿಡುತ್ತದೆ. ಟೆಕ್ಕನ್ ಎಂಬ ಇನ್ನೊಂದು ಹೊಡೆದಾಟದ ಆಟದಲ್ಲಾದರೆ ಬಗ್ಗಿದರೂ ಸಾಕು, ಸಾಮಾನ್ಯ ಥ್ರೋ ತಲೆಯ ಮೇಲಿಂದ ಹೋಗುತ್ತದೆ. 1991ರ ಸ್ಟ್ರೀಟ್ ಫೈಟರ್ 2ರ ಕಾಲದಲ್ಲಿ ಅತ್ತಿದ್ದರೆ ಅರ್ಥವಿತ್ತು, ಆಗ ಹೀಗೆ ಹಿಡಿತ ಬಿಡಿಸಿಕೊಳ್ಳುವಂತಿರಲಿಲ್ಲ.

‘ಮೂಲೆಗೆ ಒತ್ತಿ ಮೇಲಿಂದ ಮೇಲೆ ಥ್ರೋ ಹಾಕುವುದು ಸರಿಯೇ?’ ಎಂದು ಕೇಳುವವರಿದ್ದಾರೆ. ಕಿರಿಕಿರಿ ಹೌದು, ಒಪ್ಪುತ್ತೇನೆ. ಆದರೆ ಹಿಂದೆ ಹಿಂದೆ ಸರಿದು ಆ ಮೂಲೆಯನ್ನು ಸೇರಿದವರು ಯಾರು ಸ್ವಾಮಿ?

ಸುಮ್ಮನೆ ಗುಂಡಿ ಒತ್ತಿದರೆ ಥ್ರೋ ಬೀಳುವುದೂ ಇಲ್ಲ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡುವ ಸ್ಟ್ರೀಟ್ ಫೈಟರ್ 6ರಲ್ಲಿ ಸಾಮಾನ್ಯ ಥ್ರೋ ಹಿಡಿಯಲು 5 ಫ್ರೇಮ್ ಬೇಕು. ತೋಳಳತೆಯ ದೂರ ಮೀರಿದರೆ ಗಾಳಿಯನ್ನು ತಬ್ಬಿಕೊಂಡು ನಿಲ್ಲುತ್ತೀರಿ, ಎದುರಾಳಿ ಸಾವಕಾಶವಾಗಿ ಬಾರಿಸುತ್ತಾನೆ. ಅದಕ್ಕೇ ಮೊದಲು ಎರಡು ಹಗುರ ಗುದ್ದು. ಮೂರನೆಯದೂ ಬರುತ್ತದೆಂದು ಅವನು ಬ್ಲಾಕ್ ಹಿಡಿದೇ ಇರುತ್ತಾನೆ. ತಡೆದ ಗುದ್ದಿನ ಅದುರು ಇಳಿಯುವ ತನಕ ಅವನನ್ನು ಹಿಡಿಯಲಾಗದು. ಆ ಚೂರು ಹೊತ್ತು ಕಾದು ಹಿಡಿಯಬೇಕು. ಎರಡು ಸಲ ಹೀಗೆ ಬಿದ್ದವನು ಮೂರನೆಯ ಸಲ ಹೆದರಿ ತಾನೇ ಥ್ರೋ ಒತ್ತುತ್ತಾನೆ. ಆಗ ನೀವು ಮುಂದೆ ಬಂದಂತೆ ಮಾಡಿ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಅವನ ಕೈ ಗಾಳಿಯಲ್ಲಿ. ಆಮೇಲಿನ ಹೊಡೆತದ ಮುಂದೆ ಥ್ರೋದ ಪೆಟ್ಟು ಏನೇನೂ ಅಲ್ಲ. ಇದಕ್ಕೆ ಶಿಮ್ಮಿ ಎನ್ನುತ್ತಾರೆ. ನನಗೆ ಥ್ರೋಗಿಂತ ಇದರ ಮೇಲೆಯೇ ಮೋಹ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಏನು ಕಡಿಮೆಯವನೇ? ಹಿಂದೊಮ್ಮೆ ವಾರಗಟ್ಟಲೆ ಕಾಂಬೊ (ಸಾಲು ಹೊಡೆತ) ಉರು ಹೊಡೆದು ಹೋಗಿ, ಜಾಂಗೀಫ್ ಎಂಬ ಕುಸ್ತಿಪಟು ಪಾತ್ರವನ್ನು ಆಡುವವನೊಬ್ಬನ ಕೈಗೆ ಸಿಕ್ಕಿದ್ದೆ. ಅವನ ಪೈಲ್‌ಡ್ರೈವರ್‌ಗೆ ಬಿಡಿಸಿಕೊಳ್ಳುವ ಗುಂಡಿಯೂ ಇಲ್ಲ. ಗಿರಗಿರನೆ ತಿರುಗಿಸಿ ನೆಲಕ್ಕೆ ಕುಟ್ಟಿದ. ನಾನೂ ಸಂದೇಶ ಬರೆದಿದ್ದೆ, ಹೆಚ್ಚುಕಡಿಮೆ ಇದೇ ಮಾತು. ಕಂಟ್ರೋಲರ್ ಗೋಡೆಗೆ ಬಡಿದದ್ದು ಬೇರೆ ಕಥೆ.

ಅಂದಹಾಗೆ, ನಿನ್ನೆಯವನು ಇನ್ನೊಂದು ನಿಮಿಷ ಇದ್ದಿದ್ದರೆ ಆರನೆಯ ಸಲ ನಾನು ಹಿಂದೆ ಸರಿಯುವವನಿದ್ದೆ. ಆ ಶಿಮ್ಮಿಯನ್ನು ನೋಡದೆಯೇ ಹೋದನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.