ಲಂಗ ತೊಟ್ಟವರು ಗಂಡಸರು, ವೋಟು ಹೋಗಿದ್ದು ಹೆಂಗಸರದು

ಅಮೆರಿಕದಲ್ಲಿ ವೋಟಿನ ಹಕ್ಕು ಮೆಟ್ಟಿಲು ಮೆಟ್ಟಿಲಾಗಿ ಎಲ್ಲರಿಗೂ ಸಿಕ್ಕಿತು ಅಂತ ಹೇಳುತ್ತಾರೆ. ಮೆಟ್ಟಿಲು ಇದ್ದವು, ನಿಜ. ಅದರಲ್ಲಿ ಕೆಲವು ಕೆಳಗಿಳಿಯುವ ಮೆಟ್ಟಿಲುಗಳು.

ನ್ಯೂಜೆರ್ಸಿಯನ್ನೇ ನೋಡಿ. 1776ರ ಅದರ ಸಂವಿಧಾನದಲ್ಲಿ, ವಯಸ್ಸಿಗೆ ಬಂದ, 50 ಪೌಂಡ್ ಆಸ್ತಿ ಇರುವ ‘ಎಲ್ಲ ನಿವಾಸಿಗಳೂ’ ವೋಟು ಹಾಕಬಹುದು ಅಂತಿತ್ತು. ಗಂಡಸರು ಅಂತ ಇರಲಿಲ್ಲ, ಬಿಳಿಯರು ಅಂತಲೂ ಇರಲಿಲ್ಲ. ಸರಿ, ಹೆಂಗಸರು ಬಂದು ವೋಟು ಹಾಕಿದರು, ಸ್ವತಂತ್ರರಾಗಿದ್ದ ಕಪ್ಪು ಜನರೂ ಹಾಕಿದರು. 1797ರ ಕಾನೂನಿನಲ್ಲಂತೂ ಮತದಾರ ಅಂದರೆ ಅವನೂ ಆಗಬಹುದು, ಅವಳೂ ಆಗಬಹುದು ಅಂತ ಬಾಯಿಬಿಟ್ಟೇ ಬರೆದರು. ಆದರೆ ಮದುವೆಯಾದವಳ ಆಸ್ತಿ ಗಂಡನದು, ಅಲ್ವಾ? ಹಾಗಾಗಿ ಪಾದ್ರಿಯ ಮುಂದೆ ಹೂಂ ಅಂದ ದಿನ ವೋಟು ಹೋಗುತ್ತಿತ್ತು, ಗಂಡನನ್ನು ಮಣ್ಣು ಮಾಡಿ ಬಂದ ದಿನ ವಾಪಸ್ ಬರುತ್ತಿತ್ತು. ಅದೂ ಪುಣ್ಯಾತ್ಮ 50 ಪೌಂಡ್ ಬಿಟ್ಟು ಹೋಗಿದ್ದರೆ.

1807ರಲ್ಲಿ ಎಸೆಕ್ಸ್ ಕೌಂಟಿಯಲ್ಲಿ ಹೊಸ ಕೋರ್ಟು ಎಲ್ಲಿ ಕಟ್ಟಬೇಕು ಅಂತ ಜಗಳ ಬಂತು. ನ್ಯೂವಾರ್ಕೋ, ಎಲಿಜಬೆತ್‌ಟೌನೋ? ವೋಟಿಗೆ ಹಾಕಿದರು. ಎಣಿಸಿ ನೋಡಿದರೆ, ಊರಲ್ಲಿದ್ದ ಮತದಾರರಿಗಿಂತ ಪೆಟ್ಟಿಗೆಯಲ್ಲಿದ್ದ ವೋಟು ಜಾಸ್ತಿ! ಎರಡೂ ಕಡೆಯವರು ಕೈಲಾದಷ್ಟು ಕಳ್ಳವೋಟು ಹಾಕಿದ್ದರು. ಗಂಡಸರು, ಹುಡುಗರು ಲಂಗ ತೊಟ್ಟುಕೊಂಡು ಬಂದು ಇನ್ನೊಂದು ಸಲ ಹಾಕಿ ಹೋದರು ಅಂತ ದೂರು ಬಂತು. ನ್ಯಾಯ ಕೇಳುವ ಜಾಗಕ್ಕಾಗಿ ಇಷ್ಟೆಲ್ಲ.

ಶಾಸನಸಭೆ ಆ ಚುನಾವಣೆಯನ್ನೇ ರದ್ದು ಮಾಡಿತು. ಆಮೇಲೆ ಕೂತು ಯೋಚಿಸಿ, ಹೊಸ ಕಾನೂನು ಮಾಡಿ, ಎತ್ತಿಗೆ ಜ್ವರ ಬಂತು ಅಂತ ಎಮ್ಮೆಗೆ ಬರೆ ಎಳೆಯಿತು. ಲಂಗ ತೊಟ್ಟ ಗಂಡಸರ ವೋಟು ಭದ್ರವಾಗಿ ಉಳಿಯಿತು, ಹುಟ್ಟಿದಾಗಿನಿಂದ ಲಂಗ ತೊಟ್ಟವರ ವೋಟು ಹೋಯಿತು. ಕಪ್ಪು ಜನರದೂ ಹೋಯಿತು, ಅವರೇನು ತೊಟ್ಟಿದ್ದರೋ ಯಾರೂ ಹೇಳಲಿಲ್ಲ. ಅದೇ ಕಾನೂನಿನಲ್ಲಿ, ತೆರಿಗೆ ಕಟ್ಟುವ ಬಿಳಿ ಗಂಡಸಿಗೆ 50 ಪೌಂಡಿನ ರಗಳೆ ಬೇಡ ಅಂತ ಬಾಗಿಲು ಅಗಲ ಮಾಡಿದರು. ಇದನ್ನೇ ಹಕ್ಕಿನ ವಿಸ್ತರಣೆ ಅನ್ನುವುದು. ರಾಜ್ಯದ ಶಾಂತಿ, ಸುವ್ಯವಸ್ಥೆ, ಘನತೆಗಾಗಿ ಹೀಗೆ ಮಾಡಿದ್ದು ಅಂತ ಕಾನೂನಿನಲ್ಲೇ ಬರೆದುಕೊಂಡಿದ್ದಾರೆ, ನಾನು ಹೇಳಿದ್ದಲ್ಲ.

1821ರಲ್ಲಿ ನ್ಯೂಯಾರ್ಕ್ ಕೂಡ ಇಷ್ಟೇ ಉದಾರಿಯಾಯಿತು. ಬಿಳಿ ಗಂಡಸರಿಗೆ ಆಸ್ತಿಯ ಷರತ್ತು ತೆಗೆದರು, ಕಪ್ಪು ಗಂಡಸರಿಗೆ 250 ಡಾಲರ್ ಆಸ್ತಿ ಇರಲೇಬೇಕು ಅಂದರು.

ನ್ಯೂಜೆರ್ಸಿಯ ಹೆಂಗಸರಿಗೆ ವೋಟಿನ ಪೂರ್ತಿ ಹಕ್ಕು ಮತ್ತೆ ಸಿಕ್ಕಿದ್ದು 1920ರಲ್ಲಿ. ಕೋರ್ಟು ಮಾತ್ರ ಅಲ್ಲಿ ಇಲ್ಲಿ ಹೋಗಲಿಲ್ಲ, ನ್ಯೂವಾರ್ಕಿನಲ್ಲೇ ಉಳಿಯಿತು.